ಮೇರಿ ಸರಾಟ್ ವಿಚಾರಣೆಯ ಕನ್ನಡ ವಾಚನಕ್ಕೆ ಹೆಗಲು ಕೊಟ್ಟವರಿಗೆ

ಅಬ್ರಹಾಂ ಲಿಂಕನ್ ಅವರ ಹತ್ಯೆಯ ಸಂಚಿನಲ್ಲಿ ಪಾಲುಗೊಂಡ ಆರೋಪದ ಮೇಲೆ 1865ರಲ್ಲಿ ಗಲ್ಲಿಗೇರಿದ ಮೇರಿ ಸರಾಟ್ ಅವರ ವಿಚಾರಣೆಯನ್ನು ಕನ್ನಡದಲ್ಲಿ ರಂಗವಾಚನ ಮಾಡಬೇಕೆಂಬ ನಮ್ಮ ಬಳಗದ ಬಹುಕಾಲದ ಬಯಕೆ ಕಳೆದ ಶನಿವಾರ ಮೇರಿಲ್ಯಾಂಡಿನಲ್ಲಿ ಈಡೇರಿತು. ಇದಕ್ಕೆ ನೆರವಾದ ಎಲ್ಲರಿಗೂ ಬರಹದಲ್ಲಿ ಕೃತಜ್ಞತೆ ಸಲ್ಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಈ ಕೆಲಸಕ್ಕೆ ಮೂಲ ಪ್ರೇರಣೆ ರಾಬರ್ಟ್ ರೆಡ್‌ಫೋರ್ಡ್ ಅವರು 2010ರಲ್ಲಿ ನಿರ್ದೇಶಿಸಿದ 'ದಿ ಕಾನ್‌ಸ್ಪಿರೇಟರ್' ಚಿತ್ರ. ರಾಬಿನ್ ರೈಟ್ ಮೇರಿಯಾಗಿ, ಜೇಮ್ಸ್ ಮೆಕವಾಯ್ ಆಕೆಯ ಯುವ ವಕೀಲ ಫ್ರೆಡರಿಕ್ ಏಕೆನ್ ಆಗಿ ನಟಿಸಿರುವ ಆ ಚಿತ್ರ, ಆಕೆ ನಿರಪರಾಧಿಯೇ ಎಂಬುದಕ್ಕಿಂತ ಆಕೆಗೆ ದೊರೆತ ವಿಚಾರಣೆ ನ್ಯಾಯವಾದದ್ದೇ ಎಂಬ ಪ್ರಶ್ನೆಯನ್ನು ಮುಂದಿಡುತ್ತದೆ. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಹಿರಿಮೆ ಇರುವುದು ಅಲ್ಲಿಯೇ. ವಾಷಿಂಗ್ಟನ್ ನಗರದಲ್ಲಿ ನಾಗರಿಕ ನ್ಯಾಯಾಲಯಗಳು ಎಂದಿನಂತೆ ನಡೆಯುತ್ತಿದ್ದಾಗಲೂ ಎಂಟು ಮಂದಿ ಆರೋಪಿಗಳನ್ನು ಒಂಬತ್ತು ಸೇನಾಧಿಕಾರಿಗಳ ಮಂಡಳಿಯೆದುರು ನಿಲ್ಲಿಸಲಾಯಿತು. ಅಲ್ಲಿ ಜ್ಯೂರಿ ಇರಲಿಲ್ಲ. ಅಪರಾಧ ನಿರ್ಣಯಕ್ಕೆ ಸರಳ ಬಹುಮತ, ಮರಣದಂಡನೆಗೆ ಮೂರನೇ ಎರಡರಷ್ಟು ಮತ ಸಾಕಾಗಿತ್ತು. ಅಂದಿನ ನಿಯಮದಂತೆ ಆರೋಪಿಗಳು ತಾವೇ ಸಾಕ್ಷಿ ನುಡಿಯುವಂತಿರಲಿಲ್ಲ. ನಾಗರಿಕ ನ್ಯಾಯಾಲಯಗಳು ತೆರೆದಿರುವಲ್ಲಿ ನಾಗರಿಕರನ್ನು ಸೇನಾ ಮಂಡಳಿಗಳು ವಿಚಾರಿಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಮಿಲಿಗನ್ ಪ್ರಕರಣದಲ್ಲಿ ಹೇಳಿದ್ದು 1866ರಲ್ಲಿ. ಅಷ್ಟರಲ್ಲಿ ಮೇರಿ ಬದುಕಿರಲಿಲ್ಲ.

ಚಿತ್ರ ಏಕೆನ್ ಅವರನ್ನು ಕೇಂದ್ರದಲ್ಲಿರಿಸಿದೆ. ನಾವು ಮಾತ್ರ ವಿಚಾರಣೆಯ ಮುದ್ರಿತ ದಾಖಲೆಯನ್ನೇ ಆಧರಿಸಿದ್ದರಿಂದ ಮೇರಿಯ ಇನ್ನೊಬ್ಬ ಯುವ ವಕೀಲ ಜಾನ್ ಕ್ಲಾಂಪಿಟ್ ಅವರಿಗೂ ತಕ್ಕ ಸ್ಥಾನ ದೊರೆಯಿತು. ಸೇನಾ ಮಂಡಳಿಯ ಅಧಿಕಾರವನ್ನೇ ಪ್ರಶ್ನಿಸಿ ಸೆನೆಟರ್ ರೆವರ್ಡಿ ಜಾನ್ಸನ್ ಬರೆದ ವಾದವನ್ನು ಮಂಡಳಿಯೆದುರು ಓದಿದವರು ಇದೇ ಕ್ಲಾಂಪಿಟ್. ಆ ದೀರ್ಘ ವಾದವನ್ನು ಕನ್ನಡಕ್ಕೆ ತರುವಾಗ ಧಾರವಾಡದ ಹಿರಿಯ ವಕೀಲರೊಬ್ಬರು ಪ್ರತಿ ವಾರ ಫೋನಿನಲ್ಲಿ ಸಾಲು ಸಾಲಾಗಿ ಕೇಳಿಸಿಕೊಂಡು ತಿದ್ದಿದರು. ಹೆಸರು ಹಾಕಬಾರದೆಂಬ ಅವರ ಆಣತಿಯನ್ನು ಮೀರಲಾರೆ. ಆದರೆ ವಾದದ ಬಿಗಿ ಎಲ್ಲಿಯೂ ಸಡಿಲವಾಗದೆ ಉಳಿದಿದ್ದರೆ ಆ ಶ್ರೇಯ ಅವರದು.

ಸರಾಟ್ ಕುಟುಂಬದ ಹಳೆಯ ಮನೆ ಮತ್ತು ಹೋಟೆಲು ಮೇರಿಲ್ಯಾಂಡಿನ ಕ್ಲಿಂಟನ್‌ನಲ್ಲಿ ಈಗ ವಸ್ತುಸಂಗ್ರಹಾಲಯವಾಗಿದೆ. ಬಂದೂಕುಗಳನ್ನು ಸಿದ್ಧವಾಗಿಡುವಂತೆ ಹತ್ಯೆಯ ದಿನ, ಎಂದರೆ ಏಪ್ರಿಲ್ 14ರಂದು, ಮೇರಿ ತನಗೆ ಹೇಳಿದರೆಂದು ಆ ಹೋಟೆಲನ್ನು ಬಾಡಿಗೆಗೆ ಪಡೆದಿದ್ದ ಜಾನ್ ಲಾಯ್ಡ್ ನುಡಿದ ಸಾಕ್ಷ್ಯ ಈ ಮನೆಗೇ ಸಂಬಂಧಿಸಿದ್ದು. ಆ ದಿನ ತಾನು ಕುಡಿದಿದ್ದುದನ್ನು ಪಾಟೀಸವಾಲಿನಲ್ಲಿ ಒಪ್ಪಿಕೊಂಡವನೂ ಅವನೇ. ಅಲ್ಲಿನ ಸ್ವಯಂಸೇವಕರು ನಮ್ಮ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿ, ಕೋಣೆ ಕೋಣೆಗೂ ಕರೆದೊಯ್ದು, ಯಾರು ಎಲ್ಲಿಂದ ಬಂದು ಎಲ್ಲಿ ನಿಂತಿರಬಹುದೆಂದು ವಿವರಿಸಿದರು. ಅವರಿಗೆ ನಮ್ಮೆಲ್ಲರ ನಮನಗಳು.

ಬಳಗದ ಗೆಳೆಯರೊಬ್ಬರಿಗೆ ನಾನು ವಿಶೇಷವಾಗಿ ಋಣಿ. ಮೇರಿಗೆ ಸಂಚು ತಿಳಿದಿತ್ತೆಂದೇ ನಂಬಿರುವ ಅವರು ಪ್ರಾಸಿಕ್ಯೂಷನ್ ಪರವಾಗಿ ಜೋಸೆಫ್ ಹೋಲ್ಟ್ ಅವರ ಮಾತುಗಳನ್ನು ಓದಲು ತಾವಾಗಿ ಮುಂದೆ ಬಂದರು. ಏಪ್ರಿಲ್ 17ರ ರಾತ್ರಿ ಸೇನೆಯ ತನಿಖಾಧಿಕಾರಿಗಳು ವಾಷಿಂಗ್ಟನ್ನಿನಲ್ಲಿ ಮೇರಿ ನಡೆಸುತ್ತಿದ್ದ ವಸತಿಮನೆಯಲ್ಲಿದ್ದಾಗಲೇ ಸಂಚುಕೋರರಲ್ಲೊಬ್ಬನಾದ ಲೂಯಿಸ್ ಪೊವೆಲ್ ಪಿಕಾಸಿ ಹಿಡಿದು ಬಾಗಿಲಿಗೆ ಬಂದ ಪ್ರಸಂಗವನ್ನು ಅವರ ಒತ್ತಾಯದಿಂದಲೇ ಪೂರ್ತಿಯಾಗಿ ಉಳಿಸಿಕೊಂಡೆವು. ಹಿಂದೆ ಅದೇ ಮನೆಯಲ್ಲಿ ತಂಗಿದ್ದ ಆತನನ್ನು ಕಂಡೇ ಇಲ್ಲವೆಂದು ಮೇರಿ ಅಂದರು. ಆಕೆಯ ಕಣ್ಣು ಮಂದವಾಗಿತ್ತೆಂದು ರಕ್ಷಣಾ ಪಕ್ಷದ ಸಾಕ್ಷಿಗಳು ನುಡಿದರು. ಎರಡನ್ನೂ ಕೇಳಿದ ಸಭಿಕರು ವಾಚನದ ನಂತರವೂ ಎದ್ದು ಹೋಗದೆ ಚರ್ಚೆಗೆ ಕುಳಿತರು. ಒಂಬತ್ತು ಅಧಿಕಾರಿಗಳಲ್ಲಿ ಐವರು ಆಕೆಗೆ ದಯೆ ತೋರಬೇಕೆಂದು ಸಹಿ ಮಾಡಿದ ಮನವಿಯನ್ನು ತಾವು ನೋಡಲೇ ಇಲ್ಲವೆಂದು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆಮೇಲೆ ಹೇಳಿದ್ದರ ಬಗ್ಗೆಯಂತೂ ಮಾತು ಬಹಳ ಹೊತ್ತು ನಡೆಯಿತು.

ಮೇರಿಯ ಮಗಳು ಆ್ಯನಾಳ ಭಾಗವನ್ನು ಓದಿದ ಕಾಲೇಜು ವಿದ್ಯಾರ್ಥಿನಿಗೆ, ಸಭಾಂಗಣವನ್ನು ಉಚಿತವಾಗಿ ಒದಗಿಸಿದವರಿಗೆ, ಊಟದ ಹೊಣೆ ಹೊತ್ತ ಅಕ್ಕಂದಿರಿಗೆ, ತಿಂಗಳುಗಟ್ಟಲೆ ನನ್ನ ವಾರಾಂತ್ಯಗಳನ್ನು ಬಿಟ್ಟುಕೊಟ್ಟ ಮನೆಯವರಿಗೆ ಹೃತ್ಪೂರ್ವಕ ವಂದನೆಗಳು. ಜುಲೈ 7ರ ಬೆಳಗ್ಗೆ, ಗಲ್ಲಿಗೆ ಕೆಲವೇ ಗಂಟೆಗಳಿರುವಾಗ, ನ್ಯಾಯಾಧೀಶ ಆಂಡ್ರ್ಯೂ ವೈಲಿ ಅವರಿಂದ ಹೇಬಿಯಸ್ ಕಾರ್ಪಸ್ ಆದೇಶ (ಬಂಧಿತರನ್ನು ನ್ಯಾಯಾಲಯದೆದುರು ಹಾಜರುಪಡಿಸಬೇಕೆಂಬ ಆದೇಶ) ಪಡೆದ, ಅಧ್ಯಕ್ಷರು ಅದನ್ನು ಅಮಾನತಿನಲ್ಲಿಟ್ಟಾಗ ಬರಿಗೈಯಲ್ಲಿ ನಿಂತ ಆ ಇಬ್ಬರು ಕಿರಿಯ ವಕೀಲರನ್ನೂ ಇದೇ ಸಾಲಿನಲ್ಲಿ ಗೌರವದಿಂದ ನೆನೆಯುತ್ತೇನೆ.

ವಾಚನದ ಪಠ್ಯವನ್ನು ಕರ್ನಾಟಕದ ಅಥವಾ ಹೊರನಾಡಿನ ಯಾವುದೇ ಕನ್ನಡ ಬಳಗ ಕೇಳಿದರೂ ಸಂತೋಷದಿಂದ ಕಳುಹಿಸುತ್ತೇವೆ. ಸಮಯದ ಅಭಾವದಿಂದ ಕೆಲವು ಭಾಗ ಬಿಡಬೇಕಾಗಿ ಬಂದರೆ ಬಿಡಬಹುದು. ಲಾಯ್ಡ್‌ನ ಪಾಟೀಸವಾಲು ಮತ್ತು ಪಿಕಾಸಿಯ ಪ್ರಸಂಗ, ಇವೆರಡನ್ನು ಮಾತ್ರ ದಯವಿಟ್ಟು ಇಡಿಯಾಗಿ ಓದಿ.