ಸ್ಟೇಟಸ್ ಹಾಕುವ ಮೊದಲು ಒಂದು ಫೋನು

ಪ್ರೀತಿಯ ತಂಗಿ,

ನಿನ್ನ ಮೆಸೇಜು ಓದಿದೆ. "ಪತ್ರಿಕೆಗೆ ಬರೆಯೋದು ಬೇರೆ, ನನ್ನ ಫೇಸ್‌ಬುಕ್ಕು, ವಾಟ್ಸ್‌ಆ್ಯಪ್ಪು ಬೇರೆ, ಅಲ್ವಾ ಸರ್?" ಅಂತ ಕೇಳಿದ್ದೀಯ. ಬೆಂಗಳೂರಿನಲ್ಲಿ ಬೇರೆ ಇರಬಹುದೇನೋ. ನಿಮ್ಮ ಚಿತ್ರದುರ್ಗದಲ್ಲಿ ಅಲ್ಲ, ನಮ್ಮ ದಾವಣಗೆರೆಯಲ್ಲೂ ಅಲ್ಲ. ನಿನ್ನ ಸ್ಟೇಟಸ್ ನೋಡುವವರು ಯಾರು? ಹೋಟೆಲಿನವರು, ಮೇಷ್ಟ್ರು, ಠಾಣೆಯ ಪೇದೆ, ಪಂಚಾಯ್ತಿ ಮೆಂಬರು. ಅವರಿಗೆ ನೀನು ಪೇಪರ್‌ನೋಳು. ನೀನು ಹಾಕಿದ್ದನ್ನು ಅವರು ಮುಂದಕ್ಕೆ ಕಳಿಸುವಾಗ ಹೇಳುವುದೂ ಅದೇ: "ಪೇಪರ್‌ನೋರೇ ಹಾಕ್ಯಾರೆ, ನಿಜಾನೇ ಇರಬೇಕು." ಪ್ರೊಫೈಲಿನಲ್ಲಿ "ಇವು ನನ್ನ ವೈಯಕ್ತಿಕ ಅಭಿಪ್ರಾಯ" ಅಂತ ಬರೆದುಕೊಂಡಿದ್ದನ್ನು ಅವರು ಯಾರೂ ತೆರೆದು ನೋಡಿರುವುದಿಲ್ಲ.

ಮಾರಿಕಣಿವೆ, ಅಂದರೆ ನಿಮ್ಮ ಜಿಲ್ಲೆಯ ವಾಣಿವಿಲಾಸ ಸಾಗರದ ವಿಷಯ ತಗೋ. 1933ರಲ್ಲಿ ಕೋಡಿ ಬಿದ್ದ ಡ್ಯಾಮು ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಆಮೇಲೆ 2025ರ ಜನವರಿಯಲ್ಲೂ ಬಿತ್ತು. ಜಿಲ್ಲೆಯಲ್ಲಿ ಅದರ ವಿಡಿಯೋ ಇಲ್ಲದ ಫೋನು ಸಿಗುವುದು ಕಷ್ಟ. ಜೋರು ಮಳೆ ಬಂದ ದಿನ ಅದರಲ್ಲೊಂದು ನಿನ್ನ ಕೈಗೆ ಬರುತ್ತದೆ, "ಈಗಷ್ಟೇ" ಅನ್ನುವ ಮಾತಿನ ಜೊತೆ. ಜಾಗ ಅದೇ, ನೀರೂ ಅದೇ. ಸುಳ್ಳಾಗಿರುವುದು ದಿನಾಂಕ ಒಂದೇ. ಅದನ್ನು ಹಿಡಿಯುವುದೇ ಕಷ್ಟ.

ಹಾಗಾಗಿ ಮೊದಲು ಮೆಸೇಜಿನ ಮೇಲ್ಗಡೆ ನೋಡು. ಜೋಡಿ ಬಾಣದ ಗುರುತಿದ್ದರೆ ಅದು ಐದಾರು ಕೈ ದಾಟಿ ಬಂದಿದ್ದು. ಕಳಿಸಿದವರಿಗೇ ಫೋನ್ ಮಾಡಿ, "ನೀವೇ ತೆಗೆದಿದ್ದಾ?" ಅಂತ ಕೇಳು. ಹೌದು ಅಂದರೆ, ಮೂಲ ಫೈಲನ್ನು ಡಾಕ್ಯುಮೆಂಟ್ ಮಾಡಿ ಕಳಿಸಿ ಅನ್ನು. ಮಾಮೂಲಿ ವಿಡಿಯೋ ಥರ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ದಿನ, ಹೊತ್ತಿನ ವಿವರವೂ ಹೋಗಿಬಿಡುತ್ತದೆ. ನಡುವೆ ಒಂದು ಚಿತ್ರ ನಿಲ್ಲಿಸಿ ಗೂಗಲ್ ಲೆನ್ಸ್‌ಗೆ ಹಾಕು, ಹಳೇದಾಗಿದ್ದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಇಷ್ಟೆಲ್ಲ ಆದ ಮೇಲೂ ಡ್ಯಾಮಿನ ಎಂಜಿನಿಯರ್‌ಗೆ ಒಂದು ಫೋನು: ಇವತ್ತು ನೀರು ಎಷ್ಟು ಅಡಿ? ಪೂರ್ಣ ಮಟ್ಟ 130 ಅಡಿ. ಅವರು 121 ಅಂದರೆ ವಿಡಿಯೋ ಎಷ್ಟೇ ಚೆನ್ನಾಗಿರಲಿ, ಬದಿಗಿಡು. ಕೆಳಗೆ ವೇದಾವತಿ ದಂಡೆಯಲ್ಲಿ ಹಿರಿಯೂರಿದೆ, ಹೊಳೆ ಪಕ್ಕ ಮನೆ ಇರುವವರಿದ್ದಾರೆ. ನಿನಗೆ ಒಂದು ಪೋಸ್ಟು, ಅವರಿಗೆ ಮಕ್ಕಳು ಮರಿ ಎತ್ತಿಕೊಂಡು ರಾತ್ರಿಯೆಲ್ಲಾ ಎದ್ದಿರುವ ಕೆಲಸ.

ಇದು ಜಾಸ್ತಿಯಾಯ್ತು ಅನ್ನಿಸಿದರೆ 2018 ನೆನಪಿಸಿಕೋ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜುಗಳು ಹರಿದಾಡಿದ್ದೇ ಹರಿದಾಡಿದ್ದು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಿತು.

ಅಡಿಕೆ ರೇಟು ಹಾಕುವುದರಲ್ಲೂ ಇದೇ ಕಥೆ. ಭೀಮಸಮುದ್ರದ್ದಿರಲಿ, ಚನ್ನಗಿರಿಯದ್ದಿರಲಿ, ಮಾರುಕಟ್ಟೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ ರೇಟು) ಅಂತ ಮೂರು ರೇಟು ಇರುತ್ತದೆ. ಗರಿಷ್ಠ ಅಂದರೆ ಅವತ್ತು ಯಾವುದೋ ಒಂದು ಲಾಟಿಗೆ ಸಿಕ್ಕಿದ್ದು. ಅದೊಂದನ್ನೇ ದಪ್ಪ ಅಕ್ಷರದಲ್ಲಿ "ರಾಶಿ ಅಡಿಕೆಗೆ ಬಂಪರ್" ಅಂತ ಹಾಕಿದರೆ ಲೈಕು ಬರುತ್ತದೆ, ಬರಲಿ. ಅದನ್ನು ನಂಬಿ ಮಾಲು ಹಿಡಿದಿಟ್ಟುಕೊಂಡ ರೈತ ಆಮೇಲೆ ನಿನ್ನನ್ನು ಬೈಯುವುದೂ ಇಲ್ಲ, ತನ್ನ ಹಣೆಬರಹ ಅಂದುಕೊಳ್ಳುತ್ತಾನೆ. ಮೂರೂ ರೇಟು ಹಾಕು, ಯಾವ ಮಾರುಕಟ್ಟೆ, ಯಾವ ದಿನ ಅಂತಲೂ ಹಾಕು.

ಈಗ ಹೇಳುವುದರಲ್ಲಿ ಮಾತ್ರ ಆಚೆ ಈಚೆ ಇಲ್ಲ. ಪೋಕ್ಸೋ ಕೇಸು, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು ಬಂದರೆ ಮಗುವಿನ ಹೆಸರು ಹಾಕಬಾರದು ಅಂತ ಎಲ್ಲರಿಗೂ ಗೊತ್ತು. 2012ರ ಆ ಕಾಯ್ದೆಯ 23ನೇ ಸೆಕ್ಷನ್ನು ಅಷ್ಟಕ್ಕೇ ನಿಲ್ಲುವುದಿಲ್ಲ. ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ಅಕ್ಕಪಕ್ಕದ ಗುರುತು, ಯಾವುದರಿಂದಲೂ ಗೊತ್ತಾಗಬಾರದು. ನಿನ್ನ ಪತ್ರಿಕೆಯ ಡೆಸ್ಕಿನಲ್ಲಿ ಇದನ್ನು ಹೊಡೆದುಹಾಕುವವರಿದ್ದಾರೆ. ಫೇಸ್‌ಬುಕ್ಕಿನಲ್ಲಿ ಡೆಸ್ಕೂ ನೀನೇ. ಹೊಳಲ್ಕೆರೆ ಕಡೆಯ ಒಂದು ಸಣ್ಣ ಹಳ್ಳಿಯ ಹೆಸರು ಬರೆದು "ಎಂಟನೇ ಕ್ಲಾಸಿನ ಹುಡುಗಿ, ತಂದೆ ಟ್ರ್ಯಾಕ್ಟರ್ ಡ್ರೈವರ್" ಅಂದರೆ ಸಾಕು, ಊರಿಗೆಲ್ಲಾ ಗೊತ್ತಾಯಿತು. ಇನ್ನೊಂದು, ನೀನು ಎಷ್ಟೇ ಜಾಗ್ರತೆಯಿಂದ ಬರೆದಿದ್ದರೂ ಕೆಳಗೆ ಯಾರೋ ಒಬ್ಬ ಪುಣ್ಯಾತ್ಮ ಬಂದು "ಇದು ಇಂಥವರ ಮಗಳು" ಅಂತ ಕಾಮೆಂಟ್ ಹಾಕುತ್ತಾನೆ. ಇಂಥ ಸುದ್ದಿಗೆ ಕಾಮೆಂಟನ್ನು ಬಂದ್ ಮಾಡಿಯೇ ಹಾಕು.

ಹೈವೇ 48ರಲ್ಲಿ ಅಪಘಾತವಾದಾಗ ಪೊಲೀಸರ ಮೀಡಿಯಾ ಗ್ರೂಪಿಗೆ ಫೋಟೋ ಬಂದು ಬೀಳುತ್ತವೆ. ಅವು ನಿನ್ನ ಮಾಹಿತಿಗೆ, ಸ್ಟೇಟಸ್ಸಿಗಲ್ಲ. ಸತ್ತವರ ಮನೆಗೆ ಸುದ್ದಿ ಹೋಗುವುದು ನಿನ್ನ ಫೋನಿನಿಂದ ಆಗಬಾರದು.

ಮುಖಂಡರ ಹುಟ್ಟುಹಬ್ಬಕ್ಕೆ "ಅಣ್ಣಾ ನೂರ್ಕಾಲ ಬಾಳಿ" ಅಂತ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋ ಹಾಕುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ನನಗಂತೂ ಮೈ ಉರಿಯುತ್ತದೆ. ಫೋನ್ ಮಾಡಿ ಶುಭ ಕೋರು, ಯಾರು ಬೇಡ ಅಂದರು? ನಾಳೆ ಅದೇ ಅಣ್ಣನ ಟೆಂಡರಿನ ಬಗ್ಗೆ ಬರೆದಾಗ ಎದುರು ಪಾರ್ಟಿಯವರು ಆ ಫೋಟೋ ತೆಗೆದು ತೋರಿಸುತ್ತಾರೆ. ಅಣ್ಣನ ಕಡೆಯವರೂ ಅದನ್ನೇ ತೋರಿಸುತ್ತಾರೆ, ಬೇರೆ ಕಾರಣಕ್ಕೆ! ದುಡ್ಡು ತಗೊಂಡು ಪೋಸ್ಟ್ ಹಾಕುವ ಮಾತು ಇಲ್ಲಿ ಬೇಡ, ನಿನಗೆ ಅದನ್ನು ಹೇಳಬೇಕಾಗಿಲ್ಲ.

ತಪ್ಪಾದರೆ ಏನು ಮಾಡಬೇಕು ಅಂತಲೂ ಕೇಳಿದ್ದೀಯ. ಸುಮ್ನೆ ಡಿಲೀಟ್ ಮಾಡಿ ಕೂರಬೇಡ. ಸ್ಟೇಟಸ್ 24 ಗಂಟೆಗೆ ತಾನೇ ಹೋಗುತ್ತದೆ, ಅದರ ಸ್ಕ್ರೀನ್‌ಶಾಟ್ ಹೋಗುವುದಿಲ್ಲ. ವಾಟ್ಸ್‌ಆ್ಯಪ್ ಮೆಸೇಜನ್ನು ತಿದ್ದಲು ಸಿಗುವುದು 15 ನಿಮಿಷ ಮಾತ್ರ, ಅಷ್ಟರಲ್ಲಿ ಅದು ಹತ್ತು ಗ್ರೂಪು ದಾಟಿರುತ್ತದೆ. "ಬೆಳಿಗ್ಗೆ ಹೀಗೆ ಹಾಕಿದ್ದೆ, ಅದು ತಪ್ಪು, ಸರಿಯಾದದ್ದು ಇದು" ಅಂತ ಬರೆ. ಮೊದಲು ಎಲ್ಲೆಲ್ಲಿ ಹಾಕಿದ್ದೆಯೋ ಅಲ್ಲೆಲ್ಲಾ ಹಾಕು. ಮಧ್ಯರಾತ್ರಿ ಹಾಕಬೇಡ, ಜನ ನೋಡುವ ಹೊತ್ತಿಗೆ ಹಾಕು.

ಹೆಣ್ಣುಮಗಳು ಅಂತ ನಿನಗೆ ಬರುವ ಹೊಲಸು ಮೆಸೇಜುಗಳ ಬಗ್ಗೆ ಬರೆದಿದ್ದೀಯ. ಸಿಟ್ಟಿನಲ್ಲಿ ಅವರ ಫೋನ್ ನಂಬರು, ಹೆಂಡತಿ ಮಕ್ಕಳ ಫೋಟೋ ಎಲ್ಲರ ಮುಂದೆ ಹಾಕಬೇಕು ಅನ್ನಿಸುತ್ತದೆ, ನಿಜ. ಹಾಕಬೇಡ. ಆ ಮನೆಯವರು ನಿನಗೇನೂ ಮಾಡಿಲ್ಲ. ಉತ್ತರ ಕೊಡದೆ, ಬ್ಲಾಕ್ ಮಾಡುವ ಮೊದಲು, ದಿನಾಂಕ ಮತ್ತು ಖಾತೆಯ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆ. ಖಾತೆಯ ಲಿಂಕನ್ನೂ ಎತ್ತಿಟ್ಟುಕೋ. ಸಂಪಾದಕರಿಗೆ ಅವತ್ತೇ ತಿಳಿಸು, ಅದು ನಿನ್ನೊಬ್ಬಳ ತಲೆನೋವಲ್ಲ. ಸೈಬರ್ ಅಪರಾಧ ನೋಡುವ ದುರ್ಗದ ಸೆನ್ ಠಾಣೆಗೆ ಹೋಗುವ ದಿನ ಹೇಳು, ನಾನೂ ಬರುತ್ತೇನೆ.

ಇತಿ,
ನಿನ್ನ ಅಣ್ಣನಂಥವನು
ದಾವಣಗೆರೆ