ಹಡಗಿನ ತಪಾಸಕರ ಮೇಲೆ ಕಣ್ಣಿಡುವವರು ಯಾರು?

ಮಾನ್ಯರೇ,

ಹಡಗಿಗೆ ಸುರಕ್ಷತಾ ಪ್ರಮಾಣಪತ್ರ ಕೊಡುವುದು ಧ್ವಜರಾಷ್ಟ್ರದ, ಅಂದರೆ ಹಡಗು ನೋಂದಣಿಯಾದ ದೇಶದ ಹೊಣೆ. ಬಹುತೇಕ ದೇಶಗಳು ಅದನ್ನು ಹಡಗುಗಳ ಗಟ್ಟಿತನ ತಪಾಸಿಸುವ ವರ್ಗೀಕರಣ ಸಂಸ್ಥೆಗಳಿಗೆ ವಹಿಸಿವೆ. ಅವುಗಳಿಗೆ ಶುಲ್ಕ ಕಟ್ಟುವವರು ಹಡಗಿನ ಮಾಲೀಕರೇ. ಒಂದು ಸಂಸ್ಥೆ ಬಿಗಿ ಮಾಡಿದರೆ ಅವರು ಇನ್ನೊಂದರ ಬಾಗಿಲು ತಟ್ಟಬಹುದು. 1999ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಕರಾವಳಿಯಾಚೆ ಎರಡು ತುಂಡಾದ ‘ಎರಿಕಾ’ ತೈಲ ಹಡಗಿನ ಪ್ರಮಾಣಪತ್ರಗಳು ಚಾಲ್ತಿಯಲ್ಲೇ ಇದ್ದವು; ಆದರೆ ಒಳಗಿನ ಟ್ಯಾಂಕ್‌ಗಳನ್ನು ತುಕ್ಕು ತಿಂದಿತ್ತು.

2015ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಸಂಹಿತೆ ಈ ಸಂಸ್ಥೆಗಳ ಮೇಲ್ವಿಚಾರಣೆಯನ್ನು ಕಡ್ಡಾಯ ಮಾಡಿದೆ. ಆದರೆ ಕಡತ ತಿರುವಿದರೆ ತುಕ್ಕು ಕಾಣದು. 5 ವರ್ಷಕ್ಕೊಮ್ಮೆಯ ದೊಡ್ಡ ಸರ್ವೆಯಲ್ಲಿ ಉಕ್ಕಿನ ಪ್ಲೇಟ್‌ಗಳ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆಯುತ್ತಾರೆ. ಅಳೆಯುವ ಕಂಪನಿಯನ್ನು ಗೊತ್ತುಮಾಡುವವನೂ ಸಾಮಾನ್ಯವಾಗಿ ಮಾಲೀಕನೇ! ವರ್ಗೀಕರಣ ಸಂಸ್ಥೆಯ ತಪಾಸಕ (ಸರ್ವೇಯರ್) ಪಕ್ಕದಲ್ಲಿಲ್ಲದಿದ್ದರೆ, ಅಟ್ಟಣೆ ಕಟ್ಟಿ ಹತ್ತಬೇಕಾದ ಜಾಗದ ಬದಲು ಕೈಗೆಟುಕುವ ಕಡೆಯ ಅಳತೆಯೇ ವರದಿ ಸೇರಬಹುದು.

ಸ್ವತಂತ್ರ ಪರಿಶೋಧಕರು ಮುನ್ಸೂಚನೆಯಿಲ್ಲದೆ ಒಂದೆರಡು ಟ್ಯಾಂಕ್ ಆರಿಸಿ, ವರದಿಯಲ್ಲಿರುವ ಅದೇ ಬಿಂದುಗಳನ್ನು ಮತ್ತೆ ಅಳೆದು ತಾಳೆ ನೋಡಲಿ. ಅವರ ಸಂಭಾವನೆ ಮಾಲೀಕನ ಕೈಯಿಂದಲ್ಲ, ಸಾಮಾನ್ಯ ನಿಧಿಯಿಂದ ಬರಲಿ. ಬಂದರಿನಲ್ಲಿ ತಡೆಹಿಡಿದ ಪ್ರತಿ ಹಡಗಿನ ಕೊನೆಯ ಸರ್ವೆ ವರದಿಯೂ ಬಹಿರಂಗವಾಗಲಿ.