ಕೊಡಗಿನ ಹೆಸರಿನ ಹುಳು, ಕೊಡಗಿಗೇ ಗೊತ್ತಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಕಾಫಿ ತೋಟದ ಕೆಳಗೆ ಒಂದು ತೋಡು ಹರಿಯುತ್ತದೆ. ಕಳೆದ ಮೇ ತಿಂಗಳಲ್ಲಿ ಮೋಟರ್ ಪೈಪಿನ ಮೇಲೆ, ನೀರಿಂದ ಒಂದು ಗೇಣು ಎತ್ತರದಲ್ಲಿ, ಒಂದು ಒಣ ಪೊರೆ ಕಚ್ಚಿಕೊಂಡಿತ್ತು. ಬೆನ್ನು ಸೀಳಿತ್ತು. ಸೀಳಿನಲ್ಲಿ ನೂಲಿನಂಥ ಬಿಳಿ ಎಳೆಗಳು. ಕಾಲಿನ ಸಂದಿಯಲ್ಲಿ ಇನ್ನೂ ಮರಳು. ಏರೋಪ್ಲೇನ್ ಚಿಟ್ಟೆಯ ಮರಿ ಕಳಚಿಟ್ಟು ಹೋದ ಅಂಗಿ ಅದು.

ಏರೋಪ್ಲೇನ್ ಚಿಟ್ಟೆಗಳಲ್ಲೇ ಬಾಲದ ತುದಿ ಗದೆಯ ಹಾಗೆ ಉಬ್ಬಿರುವ ಒಂದು ಗುಂಪಿದೆ. ಅವುಗಳ ಎರಡು ಕಣ್ಣು ಒಂದಕ್ಕೊಂದು ತಾಗುವುದಿಲ್ಲ. ಆ ಗುಂಪಿನ ಒಂದು ಜಾತಿಗೆ ಗೋಂಫಿಡಿಯಾ ಕೊಡಗುಯೆನ್ಸಿಸ್ ಎಂದು ಹೆಸರು. ಇಟ್ಟವರು ಫ್ರೇಸರ್ ಎಂಬ ಬ್ರಿಟಿಷ್ ಸೇನಾ ವೈದ್ಯರು, 1923ರಲ್ಲಿ. ಸರ್ಕಾರಿ ಕಾಗದದಲ್ಲೆಲ್ಲಾ ಕೂರ್ಗ್ ಅಂತಿದ್ದ ಕಾಲದಲ್ಲಿ ಅವರು ಕೊಡಗು ಅಂತಲೇ ಬರೆದರು! ನನ್ನ ಪೈಪಿನ ಮೇಲಿದ್ದದ್ದು ಅದೇ ಅಂತ ಹೇಳುವ ಧೈರ್ಯ ನನಗಿಲ್ಲ.

ಯಾವ ಜೀವಿ ಅಳಿವಿನಂಚಿನಲ್ಲಿದೆ ಅಂತ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಜಾತಿಯ ಮುಂದೆ ‘ಮಾಹಿತಿ ಸಾಲದು’ ಎಂದಿದೆ. ಅಂದರೆ ಅಳಿಯುತ್ತಿದೆ ಅಂತಲೂ ಅಲ್ಲ, ಚೆನ್ನಾಗಿದೆ ಅಂತಲೂ ಅಲ್ಲ. ಸರಿಯಾಗಿ ಯಾರೂ ನೋಡಿಲ್ಲ, ಅಷ್ಟೇ. ಆದರೆ ಕೆಲಸ ಮಾಡಿಸುವವರು ಅದನ್ನು ‘ತೊಂದರೆ ಇಲ್ಲ’ ಅಂತ ಓದಿಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಹೂಳೆತ್ತಲು ಜೆಸಿಬಿ ಬಂತು. ಈ ಮರಿಗಳು ಇರುವುದೇ ತೋಡಿನ ತಳದ ಮರಳಿನೊಳಗೆ. ಮರಳೆಲ್ಲಾ ಟಿಪ್ಪರ್ ಹತ್ತಿತು. ಕೇಳಿದರೆ, ‘ಹುಳುವಿಗೆಲ್ಲಾ ಕೆಲಸ ನಿಲ್ಲಿಸೋಕಾಗುತ್ತಾ ಸಾರ್?’ ಅಂದರು.

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ಇದೇ ತೋಡಿನ ನೀರು ಎತ್ತುವವನು ನಾನು. ಈ ಸಲ ಗುಂಡಿಯಲ್ಲಿ ಮೊಣಕಾಲುದ್ದ ನೀರು ಉಳಿಸಿ ಮೋಟರ್ ಆಫ್ ಮಾಡಿದೆ. ಮಗ ಗೊಣಗಿದ.

ಹೂಳು ಎತ್ತಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಇಡೀ ತೋಡನ್ನು ಒಂದೇ ವರ್ಷ ಕೆರೆಯಬೇಡಿ. ಅರ್ಧ ಈ ವರ್ಷ, ಮಿಕ್ಕಿದ್ದು ಮುಂದೆ. ಇನ್ನು ಜಿಲ್ಲೆಯ ಕಾಲೇಜುಗಳು ಪ್ರಾಣಿಶಾಸ್ತ್ರದ ಮಕ್ಕಳನ್ನು ಜೂನ್ ಮಳೆಗೆ ಮೊದಲೇ ತೋಡುಗಳಿಗೆ ಕಳಿಸಲಿ. ಪೊರೆ ಹೆಕ್ಕಲಿ, ಏರೋಪ್ಲೇನ್ ಚಿಟ್ಟೆ ಕಂಡರೆ ಫೋಟೊ ತೆಗೆಯಲಿ, ದಿನ ಮತ್ತು ಜಾಗ ಬರೆದಿಡಲಿ. ತೋಡು ತುಂಬಿದರೆ ಪೊರೆಯೆಲ್ಲಾ ಕೊಚ್ಚಿಹೋಗುತ್ತದೆ. ನಮ್ಮಲ್ಲಿಗೆ ಬರುವುದಾದರೆ ಜಿಗಣೆಗೆ ಸುಣ್ಣ, ಕುಡಿಯಲು ಕಾಫಿ ನಮ್ಮ ಮನೆಯಿಂದ.

– ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು